ಹಳೆಯ ಜಿಪ್ಸಿಗೆ 1.3 ಲೀಟರ್ ಎಂಜಿನ್: ಮನೆಯಂಗಳದಲ್ಲಿ ಎಂಜಿನ್ ಬದಲಿಸುವವರಿಗೆ ಸಮಗ್ರ ಮಾರ್ಗದರ್ಶಿ

ಮಾರುತಿ ಜಿಪ್ಸಿ 1985ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಬಾನೆಟ್ಟಿನಡಿ ಇದ್ದದ್ದು ಎಫ್10ಎ ಎಂಬ 970 ಸಿಸಿಯ ಕಾರ್ಬ್ಯುರೇಟರ್ ಎಂಜಿನ್. ಸುಮಾರು 45 ಅಶ್ವಶಕ್ತಿ, ನಾಲ್ಕು ಗೇರು, ಹಗುರವಾದ ಮೈ ಮತ್ತು ಗಟ್ಟಿ ಚಾಸಿ ಇದ್ದ ಆ ಎಂಜಿ410 ಗಾಡಿಗಳಲ್ಲಿ ಹಲವು ಇಂದಿಗೂ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಓಡುತ್ತಿವೆ. ಚಾಸಿಯೂ ಹೌಸಿಂಗ್‌ಗಳೂ (ಎಡಬಲ ಚಕ್ರಗಳ ನಡುವಿನ ಆಕ್ಸಲ್ ಕವಚಗಳು) ಇನ್ನೂ ಗಟ್ಟಿಯಾಗಿದ್ದರೂ ನಾಲ್ಕು ಜನ ಕುಳಿತು ಘಾಟಿ ಹತ್ತುವಾಗ ಎಂಜಿನ್ ಏದುಸಿರು ಬಿಡುತ್ತದೆ ಎಂಬುದು ಅವುಗಳ ಮಾಲೀಕರೆಲ್ಲರ ಅನುಭವ. 1996ರಲ್ಲಿ ಬಂದ ಜಿಪ್ಸಿ ಕಿಂಗ್, ಅಂದರೆ ಎಂಜಿ413ಡಬ್ಲ್ಯೂ, 1298 ಸಿಸಿಯ ಎಂಜಿನ್ನನ್ನೂ ಐದು ಗೇರುಗಳನ್ನೂ ತಂದಿತು. 2000ದಲ್ಲಿ ಅದೇ ಗಾಡಿಗೆ 16 ವಾಲ್ವಿನ, ಸುಮಾರು 80 ಅಶ್ವಶಕ್ತಿಯ ಜಿ13ಬಿಬಿ ಎಂಪಿಎಫ್‌ಐ (ಕಾರ್ಬ್ಯುರೇಟರಿನ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ) ಎಂಜಿನ್ ಬಂತು. ಹಳೆಯ ಜಿಪ್ಸಿಗೆ ಈ 1.3 ಲೀಟರ್ ಎಂಜಿನ್ನನ್ನು ಕೂರಿಸುವ ಕೆಲಸವನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಎಂಜಿನ್ನನ್ನು ಎತ್ತಿ ಇಳಿಸುವುದು ಈ ಕೆಲಸದಲ್ಲಿ ಅತಿ ಸುಲಭದ ಭಾಗ. ಪೆಟ್ರೋಲ್, ನೀರು, ಕರೆಂಟು, ಬ್ರೇಕು ಮತ್ತು ಕಾಗದಪತ್ರ, ಈ ಐದನ್ನೂ ಹೊಸ ಎಂಜಿನ್ನಿಗೆ ತಕ್ಕಂತೆ ಬದಲಿಸದೆ ಎಂಜಿನ್ ಒಂದನ್ನೇ ಕೂರಿಸಿದ ಗಾಡಿಗಳು ಗ್ಯಾರೇಜಿನ ಮೂಲೆಯಲ್ಲೇ ನಿಂತುಬಿಡುತ್ತವೆ. ಆದ್ದರಿಂದ ಈ ಬರಹದಲ್ಲಿ ಎಂಜಿನ್ನಿಗಿಂತ ಅದರ ಸುತ್ತಲಿನ ವ್ಯವಸ್ಥೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಟಿಒ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಇನ್ನಷ್ಟು ಖಚಿತವಾಗಿ ಎತ್ತಿಹಿಡಿದಿದೆ. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಆದ್ದರಿಂದ ಎಂಜಿನ್ ಕೊಳ್ಳುವ ಮೊದಲೇ, ನಿಮ್ಮ ಗಾಡಿ ನೋಂದಣಿಯಾಗಿರುವ ಪ್ರಾದೇಶಿಕ ಸಾರಿಗೆ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಯಾವ ಎಂಜಿನ್, ಎಷ್ಟು ಸಿಸಿ, ಯಾವ ತಯಾರಕರದ್ದು ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ ಅನುಮತಿ ಕೇಳಬೇಕು. ಬಾಯಿಮಾತಿನ ಒಪ್ಪಿಗೆ ಒಪ್ಪಿಗೆಯಲ್ಲ. ಸಿಸಿ ಹೆಚ್ಚಾಗುತ್ತದೆ ಎಂಬ ಕಾರಣಕ್ಕೆ ಅನುಮತಿ ಸಿಗದಿದ್ದರೆ ಈ ಯೋಜನೆಯನ್ನು ಅಲ್ಲಿಗೇ ಕೈಬಿಟ್ಟು, ಇರುವ ಎಫ್10ಎ ಎಂಜಿನ್ನನ್ನೇ ಬೋರ್ ಮಾಡಿಸಿ ಹೊಸತಾಗಿಸುವುದು ಸರಿಯಾದ ದಾರಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಎಂಜಿ410 ಗಾಡಿಗಳೆಲ್ಲ 15 ವರ್ಷ ದಾಟಿದವು. ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರ್ ಚಾಸಿ ನಂಬರಿನ ಜತೆಗೆ ಎಂಜಿನ್ ನಂಬರನ್ನೂ ತಾಳೆ ನೋಡುತ್ತಾರೆ. ಅಪಘಾತವಾದರೆ ವಿಮಾ ಕಂಪನಿಯೂ ಅದನ್ನೇ ನೋಡುತ್ತದೆ. ನಂಬರು ತಾಳೆಯಾಗದ ಗಾಡಿ ಎಷ್ಟು ಚೆನ್ನಾಗಿ ಓಡಿದರೂ ಕಾನೂನಿನ ಲೆಕ್ಕದಲ್ಲಿ ರಸ್ತೆಗಿಳಿಯುವ ಅರ್ಹತೆ ಕಳೆದುಕೊಂಡಿರುತ್ತದೆ.

ಹಂತ 2: ಎಂಜಿನ್ ಆಯ್ಕೆ

ನಿಮ್ಮ ಮುಂದೆ ಮೂರು ದಾರಿಗಳಿವೆ. ಮೊದಲನೆಯದು 1996ರಿಂದ 2000ದವರೆಗಿನ ಕಿಂಗ್‌ನಲ್ಲಿದ್ದ, 8 ವಾಲ್ವಿನ ಕಾರ್ಬ್ಯುರೇಟರ್ ಎಂಜಿನ್ ಜಿ13ಬಿಎ. ಸುಮಾರು 60 ಅಶ್ವಶಕ್ತಿಯ ಈ ಎಂಜಿನ್ನಿಗೆ ಇಸಿಎಂ (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಡಬ್ಬಿ), ಸೆನ್ಸರುಗಳ ಗೊಡವೆಯಿಲ್ಲ. ಎರಡನೆಯದು ಜಿ13ಬಿಬಿ. ಮೂರನೆಯದು ಎಸ್ಟೀಮ್ ಕಾರಿನ 1.3 ಎಂಜಿನ್, ಇದು ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡಲಾಗಿ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಹಾಗಾಗಿ ಆಯಿಲ್ ಚೇಂಬರ್, ಅದರೊಳಗಿನ ಆಯಿಲ್ ಹೀರುವ ಪೈಪು, ಮ್ಯಾನಿಫೋಲ್ಡುಗಳು, ಮೌಂಟಿಂಗ್ ಬ್ರಾಕೆಟ್ಟುಗಳು ಹೀಗೆ ಒಂದೊಂದನ್ನೇ ಜಿಪ್ಸಿಯದಕ್ಕೆ ಬದಲಿಸುತ್ತ ಹೋಗಬೇಕಾಗುತ್ತದೆ. ಕೊನೆಗೆ ಉಳಿತಾಯವೆಂದು ಶುರು ಮಾಡಿದ್ದು ದುಬಾರಿಯಾಗುತ್ತದೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಹಳೆಯ 970 ಸಿಸಿ ಎಂಜಿನ್ ತನ್ನ ಗರಿಷ್ಠ ಟಾರ್ಕನ್ನು (ತಿರುಗಿಸುವ ಬಲವನ್ನು) ಸುಮಾರು 3000 ಆರ್‌ಪಿಎಂನಲ್ಲೇ ಕೊಡುತ್ತದೆ. ಜಿ13ಬಿಬಿಯ 103 ನ್ಯೂಟನ್ ಮೀಟರ್ ಟಾರ್ಕ್ ಕೈಗೆ ಸಿಗುವುದು 4500 ಆರ್‌ಪಿಎಂನಲ್ಲಿ. ಹೆದ್ದಾರಿ ಮತ್ತು ಘಾಟಿಯ ಓಡಾಟ ಹೆಚ್ಚಿರುವವರಿಗೆ 16 ವಾಲ್ವಿನದು ನಿಜವಾದ ಬದಲಾವಣೆ ಎನಿಸುತ್ತದೆ. ದಿನವೆಲ್ಲ ತೋಟದೊಳಗೆ ಗೊಬ್ಬರದ ಮೂಟೆ ಹೇರಿಕೊಂಡು ಆಮೆಗತಿಯಲ್ಲಿ ಹತ್ತಿಳಿಯುವ ಗಾಡಿಗೆ 8 ವಾಲ್ವಿನ ಕಾರ್ಬ್ಯುರೇಟರ್ ಎಂಜಿನ್ನೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ರಿಪೇರಿ ಮಾಡಬಲ್ಲರು. ಕೆಲಸ ಹೆಚ್ಚಿರುವುದು ಜಿ13ಬಿಬಿಯಲ್ಲಿ ಆದ್ದರಿಂದ ಮುಂದಿನ ವಿವರಣೆ ಅದನ್ನೇ ಹಿಡಿದು ಸಾಗುತ್ತದೆ. ಕಾರ್ಬ್ಯುರೇಟರ್ ಎಂಜಿನ್ ಆರಿಸಿಕೊಂಡವರು ಪೆಟ್ರೋಲ್ ಮತ್ತು ವೈರಿಂಗ್ ಕುರಿತ ಭಾಗಗಳಲ್ಲಿ ಅರ್ಧದಷ್ಟನ್ನು ಬಿಟ್ಟುಬಿಡಬಹುದು.

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಾಗಲಿ ಹರಾಜಿನಲ್ಲಾಗಲಿ ಕೊಳ್ಳುವಾಗ, ಬಿಡಿ ಎಂಜಿನ್ನಿಗೆ ಬದಲು ಸಾಧ್ಯವಾದರೆ ಒಂದೇ ಗಾಡಿಯ ಇಡೀ ಸೆಟ್ಟನ್ನು ಕೊಳ್ಳಿ. ಎಂಜಿನ್, ಐದು ಗೇರಿನ ಗೇರ್‌ಬಾಕ್ಸ್, ಫ್ಲೈವ್ಹೀಲ್, ಸ್ಟಾರ್ಟರ್, ಆಲ್ಟರ್ನೇಟರ್, ಕತ್ತರಿಸದ ವೈರಿಂಗ್ ಕಿಟ್, ಇಸಿಎಂ, ರಿಲೇಗಳು, ರೇಡಿಯೇಟರ್, ಪಂಪಿನ ಸಮೇತ ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್‌ವರೆಗಿನ ಎಕ್ಸಾಸ್ಟ್, ಆಕ್ಸಿಲರೇಟರ್ ಮತ್ತು ಕ್ಲಚ್ ಕೇಬಲ್ಲುಗಳು, ಮೌಂಟಿಂಗ್ ಬ್ರಾಕೆಟ್ಟುಗಳು ಎಲ್ಲವೂ ಬೇಕು. ವೈರಿಂಗ್ ಕಿಟ್ಟನ್ನು ಬ್ಲೇಡಿನಿಂದ ಕತ್ತರಿಸಿ ಎಂಜಿನ್ ಇಳಿಸುವುದು ಗುಜರಿಯವರ ರೂಢಿ. ಎಂಜಿನ್ ಇನ್ನೂ ಗಾಡಿಯಲ್ಲಿರುವಾಗಲೇ ಹೋಗಿ, ಕಪ್ಲರುಗಳನ್ನು ಬಿಡಿಸಿಯೇ ತೆಗೆಯಿರಿ ಎಂದು ನಿಂತು ಮಾಡಿಸಿಕೊಳ್ಳುವುದು ಒಳ್ಳೆಯದು. ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಸಾಧನ) ಇರುವ ಗಾಡಿಯಾದರೆ ಅದರ ಕೀ ಮತ್ತು ನಿಯಂತ್ರಕ ಡಬ್ಬಿಯೂ ಬೇಕು. ಇಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದೇ ಇಲ್ಲ. ಎಂಜಿನ್ ನಂಬರು ನಮೂದಾದ ರಸೀದಿಯನ್ನೂ ಮೂಲ ಗಾಡಿಯ ಆರ್‌ಸಿ ರದ್ದಾದ ದಾಖಲೆಯ ಪ್ರತಿಯನ್ನೂ ಪಡೆಯದೆ ಹಣ ಕೊಡಬೇಡಿ.

ಎಂಜಿನ್ನಿನ ಆರೋಗ್ಯ ತಿಳಿಯಲು ಕಂಪ್ರೆಷನ್ ಪರೀಕ್ಷೆ, ಅಂದರೆ ಸಿಲಿಂಡರುಗಳೊಳಗಿನ ಒತ್ತಡ ಅಳೆಯುವ ಪರೀಕ್ಷೆ ಮಾಡಿ. ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಸ್ಟಾರ್ಟರಿನಿಂದ ತಿರುಗಿಸಿದಾಗ ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸ ಚದರ ಸೆಂಟಿಮೀಟರಿಗೆ 1 ಕಿಲೋ ಮೀರಬಾರದು. ಒಂದರಲ್ಲಿ ಕಡಿಮೆ ಬಂದರೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಒತ್ತಡ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್ಟನ್ನು ಶಂಕಿಸಬೇಕು. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಕೆನೆಬಣ್ಣದ ಲೋಳೆ ಕಂಡರೆ ಎಂಜಿನ್ನಿನೊಳಗೆ ನೀರು ಬೆರೆತಿರುವ ಸಾಧ್ಯತೆಯಿದೆ. ಜಿ13 ಎಂಜಿನ್ನಿನ ಬ್ಲಾಕೂ ಅಲ್ಯೂಮಿನಿಯಮ್ಮಿನದೇ ಆದ್ದರಿಂದ, ಒಮ್ಮೆ ಚೆನ್ನಾಗಿ ಕಾದು ನಿಂತ ಎಂಜಿನ್ನನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಮುಟ್ಟಬಾರದು.

ಹಂತ 3: ಹಳೆಯದನ್ನು ಇಳಿಸುವುದು

ಗೇರ್‌ಬಾಕ್ಸ್ ಸೇರಿದ ಎಂಜಿನ್ ನೂರು ಕಿಲೋ ಮೀರುತ್ತದೆ. ಅದನ್ನು ಹೆಂಚಿನ ಮನೆಯ ತೊಲೆಗೋ ಹಲಸಿನ ಮರದ ಕೊಂಬೆಗೋ ಚೈನ್ ಬ್ಲಾಕ್ ಕಟ್ಟಿ ಎತ್ತುವ ಪರಿಪಾಠ ಹಳ್ಳಿಗಳಲ್ಲಿದೆ; ದಯವಿಟ್ಟು ಹಾಗೆ ಮಾಡಬೇಡಿ. ಒಂದು ಟನ್ ತಡೆಯುವ ಎಂಜಿನ್ ಕ್ರೇನ್ ಬಾಡಿಗೆಗೆ ಸಿಗುತ್ತದೆ. ನೆಲ ಸಿಮೆಂಟಿನದಾಗಿ ಮಟ್ಟವಾಗಿರಬೇಕು, ಗಾಡಿಯ ಕೆಳಗೆ ಹೋಗುವಾಗ ಜಾಕಿಯನ್ನಷ್ಟೇ ನಂಬದೆ ಸ್ಟ್ಯಾಂಡ್ ಕೊಟ್ಟಿರಬೇಕು, ಜತೆಗೆ ಇನ್ನೊಬ್ಬರು ಇರಬೇಕು.

ಬ್ಯಾಟರಿಯ ನೆಗೆಟಿವ್ ಬಿಡಿಸಿ, ಪೆಟ್ರೋಲ್ ಮತ್ತು ಕೂಲಂಟ್ ಇಳಿಸಿಕೊಳ್ಳಿ. ಕೂಲಂಟ್ ಸಿಹಿಯಾಗಿದ್ದು ವಿಷಕಾರಿಯಾಗಿರುವುದರಿಂದ ನಾಯಿ, ದನಗಳ ಬಾಯಿಗೆ ಸಿಗದಂತೆ ಮುಚ್ಚಿಡಬೇಕು. ಬಿಚ್ಚುವ ಪ್ರತಿ ವೈರು, ಪೈಪು, ಬೋಲ್ಟಿಗೆ ಚೀಟಿ ಕಟ್ಟಿ ಫೋಟೋ ತೆಗೆದುಕೊಳ್ಳಿ. ಗೇರ್‌ಬಾಕ್ಸಿನ ಹಿಂದಿನ ಗಿಡ್ಡ ಪ್ರೊಪೆಲ್ಲರ್ ಶಾಫ್ಟ್ ಬಿಡಿಸುವ ಮೊದಲು ಎರಡೂ ಫ್ಲಾಂಜುಗಳಿಗೆ (ಬೋಲ್ಟಿನಿಂದ ಸೇರುವ ಚಪ್ಪಟೆ ತುದಿಗಳಿಗೆ) ಒಂದೇ ಗೆರೆಯಲ್ಲಿ ಗುರುತು ಹಾಕಿ. ಬಾನೆಟ್, ರೇಡಿಯೇಟರ್, ಎಕ್ಸಾಸ್ಟ್, ಗೇರ್ ಲಿವರ್ ತೆಗೆದ ಮೇಲೆ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ, ಹಿಂಭಾಗ ತಗ್ಗಿಸಿ, ಓರೆಯಾಗಿ ಎತ್ತಬೇಕು. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಪ್ರತ್ಯೇಕವಾಗಿ ಚಾಸಿಯ ಮೇಲೆ ಕುಳಿತು, ಒಂದು ಗಿಡ್ಡ ಶಾಫ್ಟಿನ ಮೂಲಕ ಗೇರ್‌ಬಾಕ್ಸಿನೊಂದಿಗೆ ಸೇರುತ್ತದೆ. ಈ ವಿನ್ಯಾಸವೇ ನಮ್ಮ ಕೆಲಸವನ್ನು ಸಾಧ್ಯವಾಗಿಸುವುದು. ಟ್ರಾನ್ಸ್‌ಫರ್ ಕೇಸ್, ಮುಂದಿನ ಹಾಗೂ ಹಿಂದಿನ ಶಾಫ್ಟುಗಳನ್ನು ಮುಟ್ಟಬೇಕಿಲ್ಲ. ಸ್ಪೀಡೋಮೀಟರಿನ ಕೇಬಲ್ ಸಹ ಟ್ರಾನ್ಸ್‌ಫರ್ ಕೇಸಿನಿಂದಲೇ ಹೊರಡುವುದರಿಂದ ಗೇರ್‌ಬಾಕ್ಸ್ ಬದಲಾದರೂ ವೇಗದ ಲೆಕ್ಕ ತಪ್ಪುವುದಿಲ್ಲ.

ಎಂಜಿನ್ ಇಳಿದ ಮೇಲೆ ಖಾಲಿ ಜಾಗವನ್ನು ತೊಳೆದು, ಚಾಸಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿ. ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗದ ಸುತ್ತ ಬಿರುಕುಗಳಿವೆಯೇ, ಕಮಾನು ಪಟ್ಟಿಗಳ ಬ್ರಾಕೆಟ್ಟುಗಳ ಬಳಿ ತುಕ್ಕು ತಿಂದಿದೆಯೇ ಎಂದು ಸುತ್ತಿಗೆಯಿಂದ ತಟ್ಟಿ ಪರೀಕ್ಷಿಸಬೇಕು. ಕರಾವಳಿಯಲ್ಲಿ ಬಾಳಿದ ಗಾಡಿಯಾದರೆ ಇದು ಇನ್ನೂ ಮುಖ್ಯ. ದುರ್ಬಲ ಚಾಸಿಗೆ ಹೆಚ್ಚು ಶಕ್ತಿಯ ಎಂಜಿನ್ ಹಾಕಬಾರದು.

ಹಂತ 4: ಅಳತೆ, ತಾತ್ಕಾಲಿಕ ಜೋಡಣೆ, ಬೆಸುಗೆ

ಎಫ್10ಎ ಎಂಜಿನ್ನಿಗೆ ಹೊಂದುವ ಗೇರ್‌ಬಾಕ್ಸ್ ಜಿ13ಕ್ಕೆ ಹೊಂದುವುದಿಲ್ಲ. ಹೀಗಾಗಿ ಎಂಜಿನ್ನಿನ ಜತೆ ಐದು ಗೇರಿನ ಗೇರ್‌ಬಾಕ್ಸೂ ಬರಬೇಕು, ಅದರ ಉದ್ದಕ್ಕೆ ತಕ್ಕಂತೆ ಗೇರ್‌ಬಾಕ್ಸ್ ಮೌಂಟಿಂಗಿನ ಜಾಗ ಮತ್ತು ಗಿಡ್ಡ ಶಾಫ್ಟಿನ ಅಳತೆ ಮರುನಿರ್ಧಾರವಾಗಬೇಕು. ಹೊಸ ಎಂಜಿನ್ನನ್ನು ಕ್ರೇನಿನಲ್ಲೇ ತೂಗಿಸಿ ಮರದ ತುಂಡುಗಳ ಮೇಲೆ ಕೂರಿಸಿ, ನಿಧಾನವಾಗಿ ಅಳೆಯುತ್ತ ಸರಿಹೊಂದಿಸಿ. ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ.

ಮೊದಲು ನೋಡಬೇಕಾದ್ದು ಆಯಿಲ್ ಚೇಂಬರಿಗೂ ಮುಂದಿನ ಹೌಸಿಂಗಿಗೂ ನಡುವಿನ ಅಂತರ. ಗಾಡಿ ನಿಂತಿರುವಾಗಿನ ಅಂತರಕ್ಕೆ ಬೆಲೆಯಿಲ್ಲ. ಚಕ್ರ ಗುಂಡಿಗಿಳಿದು ಹೌಸಿಂಗ್ ಬಂಪ್ ಸ್ಟಾಪಿಗೆ (ಅದು ಚಾಸಿಗೆ ಬಡಿಯದಂತೆ ತಡೆಯುವ ರಬ್ಬರಿಗೆ) ಬಡಿಯುವ ಸ್ಥಿತಿಯಲ್ಲೂ ಕನಿಷ್ಠ 25 ಮಿ.ಮೀ. ಉಳಿಯಬೇಕು. ಹೌಸಿಂಗನ್ನು ಜಾಕಿಯಿಂದ ಒಂದೊಂದೇ ಬದಿ ಎತ್ತಿ, ಬಂಪ್ ಸ್ಟಾಪ್ ಮುಟ್ಟಿಸಿ, ನಡುವೆ ಜೇಡಿಮಣ್ಣಿನ ಉಂಡೆ ಇಟ್ಟು ಅದು ಎಷ್ಟು ಚಪ್ಪಟೆಯಾಯಿತೆಂದು ಅಳೆಯುವುದು ಹಳೆಯ, ನಂಬಿಕಸ್ಥ ವಿಧಾನ. ಫ್ಯಾನಿಗೂ ರೇಡಿಯೇಟರಿಗೂ ನಡುವೆ 25 ಮಿ.ಮೀ., ಎಕ್ಸಾಸ್ಟಿಗೂ ಬ್ರೇಕ್ ಅಥವಾ ಪೆಟ್ರೋಲ್ ಪೈಪಿಗೂ ನಡುವೆ 50 ಮಿ.ಮೀ. ಬಿಡಿ. ಆಯಿಲ್ ಫಿಲ್ಟರ್ ಬಿಚ್ಚಲು ಕೈ ಹೋಗುತ್ತದೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳಬೇಕು.

ಎರಡನೆಯದು ಶಾಫ್ಟಿನ ಕೋನ. ಗೇರ್‌ಬಾಕ್ಸಿನ ಹಿಂದಿನ ಫ್ಲಾಂಜ್ ಮತ್ತು ಟ್ರಾನ್ಸ್‌ಫರ್ ಕೇಸಿನ ಮುಂದಿನ ಫ್ಲಾಂಜ್ ಪರಸ್ಪರ ಸಮಾನಾಂತರವಾಗಿರಬೇಕು. ಎರಡು ಜಾಯಿಂಟುಗಳ ಕೋನಗಳ ನಡುವಿನ ವ್ಯತ್ಯಾಸ ಒಂದು ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು. ಕೋನ ಅಳೆಯಲು ಮೊಬೈಲಿನಲ್ಲಿರುವ ಮಟ್ಟಗೋಲು ಸಾಕು. ಕೋನ ತಪ್ಪಿದರೆ 60 ಕಿ.ಮೀ. ವೇಗದಲ್ಲಿ ಗಾಡಿಯ ನೆಲ ನಡುಗಲು ತೊಡಗುತ್ತದೆ. ಆಗ ಚಕ್ರ ಬ್ಯಾಲೆನ್ಸ್ ಮಾಡಿಸಿ ಪ್ರಯೋಜನವಿಲ್ಲ. ಶಾಫ್ಟಿನ ಉದ್ದ ಕಡಿಮೆ ಮಾಡಬೇಕಾಗಿ ಬಂದರೆ ಅದನ್ನು ಲೇತ್‌ನಲ್ಲಿ ಕತ್ತರಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಕೊಡುವ ವರ್ಕ್‌ಶಾಪಿಗೇ ಒಪ್ಪಿಸಿ.

ಎಲ್ಲ ಅಳತೆ ಸರಿಯಾದ ಮೇಲೆ ಮೌಂಟಿಂಗ್ ಬ್ರಾಕೆಟ್ಟುಗಳನ್ನು ಹೊಸ ರಬ್ಬರುಗಳೊಂದಿಗೆ ಜಾಗದಲ್ಲಿಟ್ಟು ಬರೀ ಟ್ಯಾಕ್ (ಅಲ್ಲಲ್ಲಿ ಚುಕ್ಕೆಯಷ್ಟು ಬೆಸುಗೆ) ಹಾಕಿ. ಎಂಜಿನ್ನನ್ನು ಹೊರತೆಗೆದ ನಂತರವೇ ಪೂರ್ತಿ ಬೆಸುಗೆಯಾಗಬೇಕು. ಬ್ರಾಕೆಟ್ಟಿಗೆ 5 ಅಥವಾ 6 ಮಿ.ಮೀ. ದಪ್ಪದ ಪ್ಲೇಟ್ ಬಳಸಿ, ಮೂಲೆಗೆ ತ್ರಿಕೋನದ ಆಧಾರ ಕೊಡಿ. ಚಾಸಿಯನ್ನು ಅಡ್ಡಡ್ಡವಾಗಿ ಒಂದೇ ಗೆರೆಯಲ್ಲಿ ಬೆಸೆದರೆ ಬಿರುಕು ಅಲ್ಲೇ ಹುಟ್ಟುತ್ತದೆ. ಪ್ಲೇಟಿನ ಅಂಚನ್ನು ಓರೆಯಾಗಿ ಕತ್ತರಿಸಿ ಬೆಸುಗೆ ಉದ್ದಕ್ಕೆ ಹರಡುವಂತೆ ನೋಡಿಕೊಳ್ಳಿ. ಬೋಲ್ಟ್ ಹಾಕುವುದಾದರೆ, ಡಬ್ಬಿಯಂತಿರುವ ಚಾಸಿಯೊಳಗೆ ಕೊಳವೆಯ ತುಂಡನ್ನು ಬೆಸೆದು ಅದರ ಮೂಲಕ ಬೋಲ್ಟ್ ಹಾಯಿಸಬೇಕು, ಇಲ್ಲದಿದ್ದರೆ ಬಿಗಿ ಮಾಡಿದಂತೆಲ್ಲ ಚಾಸಿಯ ಗೋಡೆ ಒಳಕ್ಕೆ ಕುಗ್ಗುತ್ತದೆ. ಬೆಸುಗೆಯಲ್ಲಿ ಪಳಗದವರು ಈ ಒಂದು ಕೆಲಸಕ್ಕಾದರೂ ನುರಿತ ವೆಲ್ಡರನ್ನು ಕರೆಸಬೇಕು. ಆ ಹೊತ್ತಿಗೆ ಬ್ಯಾಟರಿ, ಇಸಿಎಂ, ಪೆಟ್ರೋಲ್ ಟ್ಯಾಂಕ್ ಮೂರೂ ಗಾಡಿಯಲ್ಲಿರಬಾರದು.

ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ಅದರ ಟೆನ್ಷನರ್, ವಾಟರ್ ಪಂಪ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗನ್ನು ಹೊಸದಾಗಿ ಹಾಕಿಬಿಡಿ.

ಹಂತ 5: ನೀರು

ಘಾಟಿಯಲ್ಲಿ ಫೋರ್ ಬೈ ಫೋರ್ ಲೋನಲ್ಲಿ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ನಿಧಾನ ಗೇರಿನಲ್ಲಿ) ಹತ್ತುವಾಗ ಎಂಜಿನ್ ಜೋರಾಗಿ ದುಡಿಯುತ್ತಿರುತ್ತದೆ, ಗಾಡಿ ನಡಿಗೆಯ ವೇಗದಲ್ಲಿರುತ್ತದೆ, ಎದುರು ಗಾಳಿಯೇ ಇರುವುದಿಲ್ಲ. ಹಾಗಾಗಿ ಹಳೆಯ ರೇಡಿಯೇಟರನ್ನು ಉಳಿಸಿಕೊಳ್ಳುವ ಆಸೆ ಬೇಡ. ಕಿಂಗ್‌ನ ರೇಡಿಯೇಟರನ್ನೇ ಒಳಗೆ ತೊಳೆಸಿ, ಫ್ಯಾನಿನ ಸುತ್ತಲಿನ ಕವಚದ ಸಮೇತ ಹಾಕಬೇಕು. ಕವಚ ಇಲ್ಲದಿದ್ದರೆ ಫ್ಯಾನು ಎಂಜಿನ್ನಿನ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ.

ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಕುರಿತು ಒಂದು ಮಾತು. ನಮ್ಮ ಸೆಕೆಗೆ ಅದು ಬೇಡವೆಂದು ತೆಗೆದು ಬಿಸಾಡುವ ಅಭ್ಯಾಸ ಅನೇಕ ಗ್ಯಾರೇಜುಗಳಲ್ಲಿದೆ. ಕಾರ್ಬ್ಯುರೇಟರ್ ಎಂಜಿನ್ನಿನಲ್ಲಿ ಅದರ ಹಾನಿ ತಕ್ಷಣ ಕಾಣಿಸದೆ ಇರಬಹುದು. ಎಂಪಿಎಫ್‌ಐ ಎಂಜಿನ್ನಿನಲ್ಲಾದರೋ ನೀರಿನ ಬಿಸಿಯನ್ನು ಅಳೆಯುವ ಸೆನ್ಸರ್ ಎಂಜಿನ್ ಇನ್ನೂ ತಣ್ಣಗಿದೆ ಎಂದು ಇಸಿಎಂಗೆ ಹೇಳುತ್ತಲೇ ಇರುತ್ತದೆ, ಇಸಿಎಂ ಹೆಚ್ಚುವರಿ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮೈಲೇಜ್ ಇಳಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ, ಸಿಲಿಂಡರಿನ ಗೋಡೆಯ ಆಯಿಲ್ ತೊಳೆದುಹೋಗಿ ರಿಂಗ್ ಸವೆಯುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿ, ಕೂಲಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಸಮಪ್ರಮಾಣದಲ್ಲಿ ಬೆರೆಸಿ ತುಂಬಿ. ಗಾಡಿಯ ಮೂತಿಯನ್ನು ಏರಿನ ಕಡೆಗೆ ನಿಲ್ಲಿಸಿ ತುಂಬಿದರೆ ಏರ್ ಲಾಕ್ (ಒಳಗೆ ಸಿಕ್ಕಿಕೊಂಡ ಗಾಳಿ) ಸುಲಭವಾಗಿ ಬಿಡುತ್ತದೆ.

ಹಂತ 6: ಪೆಟ್ರೋಲ್

ಹಳೆಯ ಎಂಜಿನ್ನಿನ ಯಾಂತ್ರಿಕ ಪಂಪು ಕಾರ್ಬ್ಯುರೇಟರಿಗೆ ಪೆಟ್ರೋಲ್ ತಲುಪಿಸಲು ಬೇಕಾದಷ್ಟೇ, ಅಂದರೆ ಅರ್ಧ ಬಾರ್‌ಗಿಂತಲೂ ಕಡಿಮೆ ಒತ್ತಡ ಕೊಡುತ್ತದೆ. ಇಂಜೆಕ್ಟರುಗಳಿಗೆ ಬೇಕಾದ ಒತ್ತಡ ಅದರ ಹಲವು ಪಟ್ಟು. ಹಳೆಯ ರಬ್ಬರ್ ಪೈಪು ಈ ಒತ್ತಡದಲ್ಲಿ ಬಿರಿದು ಬಿಸಿ ಮ್ಯಾನಿಫೋಲ್ಡಿನ ಮೇಲೆ ಪೆಟ್ರೋಲ್ ಚಿಮ್ಮಿದರೆ ಆಗುವ ಅನಾಹುತ ಹೇಳಬೇಕಿಲ್ಲ. ಇಂಜೆಕ್ಷನ್ ಎಂಜಿನ್ನಿಗೆಂದೇ ತಯಾರಾದ ಪೈಪು ಮತ್ತು ಕ್ಲಿಪ್ಪುಗಳನ್ನೇ ಬಳಸಿ. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ಕಾಲದ ರಬ್ಬರು ಅದಕ್ಕೆ ಬಾಳುವುದಿಲ್ಲ ಎಂಬುದೂ ಎಲ್ಲ ಪೈಪುಗಳನ್ನು ಬದಲಿಸಲು ಸಾಕಷ್ಟು ಕಾರಣ.

ಟ್ಯಾಂಕಿನೊಳಗೇ ಪಂಪು ಇರುವ ಕಿಂಗ್‌ನ ಟ್ಯಾಂಕನ್ನು ಹಾಕುವುದು ಉತ್ತಮ. ಹೊರಗೆ ಪಂಪು ಕಟ್ಟಲೇಬೇಕಾದರೆ ಅದನ್ನು ಟ್ಯಾಂಕಿನ ತಳಮಟ್ಟದಲ್ಲಿ, ಕಲ್ಲು ಬಡಿಯದ ಕಡೆ ಕೂರಿಸಿ, ಪಂಪಿನ ಮೊದಲೊಂದು ಫಿಲ್ಟರ್ ಕೊಡಿ, ಎಂಜಿನ್ನಿನಿಂದ ಟ್ಯಾಂಕಿಗೆ ಮರಳುವ ಪೈಪಿಗೂ ದಾರಿ ಮಾಡಿ. ಹಳೆಯ ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದಾಗ, ಕಡಿದಾದ ಏರಿನಲ್ಲಿ ಪೆಟ್ರೋಲೆಲ್ಲ ಒಂದು ಕಡೆ ಸರಿದು ಪಂಪು ಗಾಳಿ ಹೀರುತ್ತದೆ. ಕಾರ್ಬ್ಯುರೇಟರಿನ ಬಟ್ಟಲು ಆ ಕ್ಷಣವನ್ನು ತಡೆದುಕೊಳ್ಳುತ್ತಿತ್ತು, ಇಂಜೆಕ್ಟರ್ ತಡೆದುಕೊಳ್ಳುವುದಿಲ್ಲ. ಏರಿನ ನಡುವೆ ಎಂಜಿನ್ ನಿಂತರೆ ಬ್ರೇಕ್ ಬೂಸ್ಟರಿನ ಸಹಾಯವೂ ಬೇಗನೆ ನಿಲ್ಲುತ್ತದೆ ಎಂಬುದನ್ನು ಮರೆಯಬಾರದು. ಪಂಪಿಗೆ ಕರೆಂಟನ್ನು ನೇರವಾಗಿ ಕೀಯಿಂದ ಕೊಡದೆ ಇಸಿಎಂ ನಿಯಂತ್ರಿಸುವ ರಿಲೇ ಮೂಲಕವೇ ಕೊಡಿ. ಹಾಗೆ ಕೊಟ್ಟರೆ ಮಾತ್ರ ಗಾಡಿ ಮಗುಚಿ ಎಂಜಿನ್ ನಿಂತಾಗ ಪಂಪೂ ನಿಲ್ಲುತ್ತದೆ.

ಹಂತ 7: ವೈರಿಂಗ್

ಹಳೆಯ ಗಾಡಿಯ ದೀಪ, ಹಾರನ್, ಇಂಡಿಕೇಟರುಗಳ ವೈರಿಂಗನ್ನು ಹಾಗೆಯೇ ಬಿಟ್ಟು, ಎಂಜಿನ್ನಿನ ಕಿಟ್ಟನ್ನು ಪ್ರತ್ಯೇಕವಾಗಿ ಇಳಿಸಿ. ಎರಡೂ ಸೇರುವುದು ಕೆಲವೇ ಕಡೆ. ಇಸಿಎಂಗೆ ಬ್ಯಾಟರಿಯಿಂದ ಸದಾ ಬರುವ ಕರೆಂಟು, ಕೀ ಹಾಕಿದಾಗ ಬರುವ ಕರೆಂಟು, ಸ್ಟಾರ್ಟರಿನ ವೈರು, ಚಾರ್ಜಿಂಗ್ ಮತ್ತು ಆಯಿಲ್ ದೀಪಗಳು, ಟೆಂಪರೇಚರ್ ಮುಳ್ಳು, ಚೆಕ್ ಎಂಜಿನ್ ದೀಪ. ಈ ಕೊನೆಯದಕ್ಕೆ ಹಳೆಯ ಡ್ಯಾಶ್‌ಬೋರ್ಡಿನಲ್ಲಿ ಜಾಗವಿರುವುದಿಲ್ಲ. ಒಂದು ಸಣ್ಣ ದೀಪ ಕೂರಿಸಿಯಾದರೂ ಅದನ್ನು ಉಳಿಸಿಕೊಳ್ಳಿ, ದೋಷ ಹುಡುಕಲು ಅದೇ ದಾರಿ.

ಎಂಜಿನ್ನಿನಿಂದ ಚಾಸಿಗೆ, ಚಾಸಿಯಿಂದ ಬಾಡಿಗೆ, ಬ್ಯಾಟರಿಯಿಂದ ಎಂಜಿನ್ನಿಗೆ ದಪ್ಪನೆಯ ಅರ್ತ್ ವೈರುಗಳು ಬೇಕು. ಬಣ್ಣ ಕೆರೆದು, ಬರಿ ಲೋಹಕ್ಕೆ ಬಿಗಿದು, ಮೇಲೆ ಗ್ರೀಸ್ ಸವರಿ. ಕಾರಣ ತಿಳಿಯದ ಅರ್ಧದಷ್ಟು ಎಂಪಿಎಫ್‌ಐ ತೊಂದರೆಗಳ ಮೂಲ ಸಡಿಲ ಅರ್ತ್ ಎಂದರೆ ಉತ್ಪ್ರೇಕ್ಷೆಯಲ್ಲ. ವೈರು ತಿರುಚಿ ಟೇಪ್ ಸುತ್ತುವ ಬದಲು ಕ್ರಿಂಪ್ ಮಾಡಿ, ಅಂದರೆ ಲೋಹದ ತುದಿ ಹಾಕಿ ಇಕ್ಕುಳದಿಂದ ಒತ್ತಿ ಕೂಡಿಸಿ. ಇಸಿಎಂ ಇರಬೇಕಾದ್ದು ಗಾಡಿಯ ಒಳಗೆ, ಡ್ಯಾಶ್‌ಬೋರ್ಡಿನ ಹಿಂದೆ ಎತ್ತರದಲ್ಲಿ. ಮಳೆಗಾಲದಲ್ಲಿ ಹಳ್ಳ ದಾಟುವ ಗಾಡಿ ಇದು.

ಹಂತ 8: ಎಕ್ಸಾಸ್ಟ್ ಮತ್ತು ಬ್ರೇಕ್

ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರ್ ಎರಡನ್ನೂ ಉಳಿಸಿಕೊಳ್ಳಿ. ಸೆನ್ಸರ್ ಇಲ್ಲದೆ ಪೆಟ್ರೋಲಿನ ಪ್ರಮಾಣವನ್ನು ಇಸಿಎಂ ಸರಿಪಡಿಸಲಾರದು, ಹೊಗೆ ಪರೀಕ್ಷೆಯಲ್ಲೂ ಗಾಡಿ ಗೆಲ್ಲುವುದಿಲ್ಲ.

ನಿಮ್ಮ ಗಾಡಿಗೆ ಮುಂದೆಯೂ ಡ್ರಮ್ ಬ್ರೇಕ್ ಇದ್ದರೆ, ಎಂಜಿನ್ನಿಗಿಂತ ಮೊದಲು ಅದಕ್ಕೆ ಖರ್ಚು ಮಾಡಿ. ಬೂಸ್ಟರ್ ಸಹಿತ ಮುಂದಿನ ಡಿಸ್ಕ್ ಬ್ರೇಕ್ ಬರಬೇಕು, ಮಾಸ್ಟರ್ ಸಿಲಿಂಡರ್ ಅದಕ್ಕೆ ಹೊಂದಬೇಕು. ಕಿಂಗ್‌ನ ಹೌಸಿಂಗ್‌ಗಳು ಹಳೆಯದಕ್ಕಿಂತ ಅಗಲವಾಗಿರುವುದರಿಂದ ಅವನ್ನು ಇಡಿಯಾಗಿ ಹಾಕಿದರೆ ಚಕ್ರಗಳು ಬಾಡಿಯಿಂದ ಹೊರಚಾಚುತ್ತವೆ, ಅನುಮತಿಯ ಅರ್ಜಿಯಲ್ಲೂ ಅದನ್ನು ಸೇರಿಸಬೇಕಾಗುತ್ತದೆ. ಸುಮಾರು ಒಂದೂಮುಕ್ಕಾಲು ಪಟ್ಟು ಶಕ್ತಿಯ ಎಂಜಿನ್ ಹಾಕಿ ಹಳೆಯ ಬ್ರೇಕಿನಲ್ಲೇ ಚಾರ್ಮಾಡಿ ಘಾಟಿ ಇಳಿಯುವುದು ಗಾಡಿಯಲ್ಲಿರುವವರಿಗೂ ಎದುರು ಬರುವವರಿಗೂ ಮಾಡುವ ಅನ್ಯಾಯ.

ಹಂತ 9: ಮೊದಲ ಸ್ಟಾರ್ಟ್

ಡ್ರೈ ಪೌಡರ್ ಅಗ್ನಿಶಾಮಕ ಕೈಗೆಟಕುವಂತಿರಲಿ. ಪ್ಲಗ್ಗುಗಳನ್ನು ಬಿಚ್ಚಿ, ಪಂಪಿನ ಫ್ಯೂಸ್ ಮತ್ತು ಇಂಜೆಕ್ಟರುಗಳ ಕಪ್ಲರ್ ತೆಗೆದು, ಆಯಿಲ್ ದೀಪ ಆರುವವರೆಗೆ ಬಿಟ್ಟು ಬಿಟ್ಟು ಸ್ಟಾರ್ಟರ್ ತಿರುಗಿಸಿ. ನಂತರ ಎಲ್ಲವನ್ನೂ ಜೋಡಿಸಿ, ಕೀಯನ್ನು ಹಲವು ಬಾರಿ ಹಾಕಿ ತೆಗೆಯುತ್ತ ಪೆಟ್ರೋಲ್ ಪೈಪುಗಳಲ್ಲಿ ಒತ್ತಡ ತುಂಬಿಸಿ, ಪ್ರತಿ ಜಾಯಿಂಟನ್ನೂ ಬೆರಳಾಡಿಸಿ ಮುಟ್ಟಿ ನೋಡಬೇಕು. ಸೋರಿಕೆಯ ತೇವ ಎಲ್ಲಿಯೂ ಇಲ್ಲವೆಂದು ಖಚಿತವಾದ ಮೇಲೆ ಸ್ಟಾರ್ಟ್ ಮಾಡಿ. ಕೆಲವೇ ಸೆಕೆಂಡುಗಳಲ್ಲಿ ಆಯಿಲ್ ದೀಪ ಆರದಿದ್ದರೆ ಕೂಡಲೇ ನಿಲ್ಲಿಸಿ. ಆರಿದರೆ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಐಡಲ್‌ನಲ್ಲೇ ಬಿಟ್ಟು, ಥರ್ಮೋಸ್ಟಾಟ್ ತೆರೆದು ರೇಡಿಯೇಟರಿನ ಕೆಳಗಿನ ಪೈಪು ಬಿಸಿಯಾಗುವುದನ್ನು ಕೈಯಿಂದ ಗಮನಿಸಿ. ಕೂಲಂಟಿನ ಮಟ್ಟ ಇಳಿದಿದ್ದರೆ ಎಂಜಿನ್ ತಣಿದ ಮೇಲಷ್ಟೇ ಮುಚ್ಚಳ ತೆಗೆದು ತುಂಬಬೇಕು.

ಮೊದಲ ಓಡಾಟ ನಿಮ್ಮ ಸ್ವಂತ ಜಾಗದೊಳಗೇ ಇರಲಿ. ಬ್ರೇಕ್, ಕ್ಲಚ್, ಎಲ್ಲ ಗೇರುಗಳನ್ನು ಪರೀಕ್ಷಿಸಿ, ಬಳಿಕ ಏರಿನಲ್ಲಿ ಲೋ ಗೇರಿನಲ್ಲಿ ಹತ್ತಿಸಿ ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡಿ. ಕೆಲಸ ಮುಗಿದ 14 ದಿನಗಳೊಳಗೆ ಆರ್‌ಟಿಒಗೆ ವರದಿ ಮಾಡಿ, ಗಾಡಿಯನ್ನು ತಪಾಸಣೆಗೆ ಒಪ್ಪಿಸಿ, ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ವಿಮಾ ಕಂಪನಿಗೆ ಅದರ ಪ್ರತಿ ಕೊಟ್ಟು ಪಾಲಿಸಿಯನ್ನೂ ತಿದ್ದಿಸಬೇಕು.

ಸುಮಾರು 50 ಕಿ.ಮೀ. ಓಡಿದ ಮೇಲೆ ಮೌಂಟಿಂಗ್, ಶಾಫ್ಟ್ ಮತ್ತು ಎಕ್ಸಾಸ್ಟಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿ ಮಾಡಿ. 500 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯ ಮೂಲಕ ಸೋಸಿ ಲೋಹದ ಚೂರುಗಳಿವೆಯೇ ನೋಡಿ. ಮೊದಲ ಮಳೆಗಾಲ ಮುಗಿದ ನಂತರ ಗಾಡಿಯ ಕೆಳಗೆ ಮಲಗಿ, ಬೆಸುಗೆ ಹಾಕಿದ ಪ್ರತಿ ಬ್ರಾಕೆಟ್ಟನ್ನೂ ಟಾರ್ಚ್ ಹಿಡಿದು ಪರೀಕ್ಷಿಸಬೇಕು. ಬಣ್ಣ ಕೂದಲೆಳೆಯಷ್ಟು ಸೀಳಿ ಅದರೊಳಗಿಂದ ತುಕ್ಕಿನ ಗೆರೆ ಇಳಿದಿದ್ದರೆ, ಅಲ್ಲಿ ಬೆಸುಗೆ ಬಿಡುತ್ತಿದೆ ಎಂದೇ ತಿಳಿದು ಗಾಡಿಯನ್ನು ನಿಲ್ಲಿಸಿ, ಆ ಜಾಗವನ್ನು ಪೂರ್ತಿ ಉಜ್ಜಿ ತೆಗೆದು ಹೊಸದಾಗಿ ಬೆಸೆಯಿಸಬೇಕು.